ಕಾಲ್ನಾದ ಗುಡಿಗಳು ಮತ್ತು ಕೆಳಗಿನಿಂದ ಬಂದ ಬೆಳಕು

ಹಾಸನ ಸೀಮೆಯಲ್ಲಿ ಬೆಳೆದ ನನಗೆ ಗುಡಿಯ ಚಿತ್ರ ತೆಗೆಯುವುದೆಂದರೆ ಬೇಲೂರು, ಹಳೇಬೀಡಿನ ಬಳಪದ ಕಲ್ಲು. ಅಲ್ಲಿ ಕೆತ್ತನೆ ಆಳವಾದದ್ದು; ಬೆಳಕು ಎತ್ತಲಿಂದ ಬಿದ್ದರೂ ನೆರಳಿಗೆ ಜಾಗವಿರುತ್ತದೆ. ಅದೇ ಧೈರ್ಯದಲ್ಲಿ ಪಶ್ಚಿಮ ಬಂಗಾಳದ ಅಂಬಿಕಾ ಕಾಲ್ನಾಕ್ಕೆ ಹೋದೆ. ಮೊದಲ ರಾತ್ರಿ ತೆಗೆದ ಚಿತ್ರಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲಿಲ್ಲ.

ಹೌರಾದಿಂದ ಕಟ್ವಾ ಕಡೆಯ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಬರ್ಧಮಾನ್ ರಾಜಮನೆತನದವರು ಕಟ್ಟಿಸಿದ ಗುಡಿಗಳು ರಾಜಬಾಡಿ ಎಂಬ ಅರಮನೆ ಆವರಣದಲ್ಲಿ ಹತ್ತಿರ ಹತ್ತಿರ ನಿಂತಿವೆ. 1739ರ ಲಾಲ್‌ಜಿ ಗುಡಿಗೂ ಅದಾದ ಹನ್ನೆರಡು ವರ್ಷಕ್ಕೆ ಬಂದ ಕೃಷ್ಣಚಂದ್ರ ಗುಡಿಗೂ ತಲಾ 25 ಶಿಖರ. 1849ರ ಪ್ರತಾಪೇಶ್ವರ ಗುಡಿಗೆ ಬಾಗಿ ಮೇಲೇರುವ ಒಂದೇ ಶಿಖರ. ನಾನು ಹೋದದ್ದು ಮುಖ್ಯವಾಗಿ ಅದಕ್ಕಾಗಿ. ರಾಮ ರಾವಣರ ಯುದ್ಧ, ರಾಮನ ಪಟ್ಟಾಭಿಷೇಕ ಎಲ್ಲವೂ ಅದರ ಗೋಡೆಯ ಮೇಲೆ ಸುಟ್ಟ ಮಣ್ಣಿನಲ್ಲಿ ಮೂಡಿವೆ.

ಕತ್ತಲಾಗುತ್ತಲೇ ನೆಲದ ದೀಪಗಳು ಹೊತ್ತಿಕೊಂಡವು. ನೋಡಲು ಸೊಗಸಾಗಿತ್ತು. ಆದರೆ ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಉಬ್ಬಿರಬೇಕಾದ ಮುಖಗಳು ಗುಳಿಬಿದ್ದಂತೆ ಕಾಣುತ್ತಿದ್ದವು. ಕಾರಣ ಹೊಳೆದದ್ದು ವಸತಿಗೃಹಕ್ಕೆ ಮರಳಿದ ಮೇಲೆ. ಬೆಳಕು ಮೇಲಿನಿಂದ ಬೀಳುತ್ತದೆ ಎಂದೇ ನಮ್ಮ ಕಣ್ಣು ನಂಬಿದೆ, ಸೂರ್ಯನ ಕೆಳಗೆ ಬದುಕಿದ ಕಣ್ಣಲ್ಲವೇ? ದೀಪ ಕೆಳಗಿದ್ದರೆ ನೆರಳು ಮೂರ್ತಿಯ ಮೇಲಂಚಿಗೆ ಬೀಳುತ್ತದೆ, ಉಬ್ಬು ತಗ್ಗಾಗಿ ತೋರುತ್ತದೆ. ತೆಳುವಾದ ಮಣ್ಣಿನ ಫಲಕದಲ್ಲಿ ಈ ಮೋಸ ಇನ್ನೂ ಹೆಚ್ಚು. ಹಗಲ ಬೆಳಕನ್ನು ನೆಚ್ಚಿ ಮಾಡಿದ ಕೆಲಸವನ್ನು ನಾನು ತಲೆಕೆಳಗು ಮಾಡಿ ತೋರಿಸುತ್ತಿದ್ದೆ.

ಮರುದಿನ ಕ್ರಮ ಬದಲಿಸಿದೆ. ಫಲಕಗಳನ್ನು ಮುಸ್ಸಂಜೆಯಲ್ಲೇ ಮುಗಿಸಬೇಕು. ದೀಪ ಹೊತ್ತಿದ ಮೇಲೂ ಹದಿನೈದು ಇಪ್ಪತ್ತು ನಿಮಿಷ ಆಕಾಶ ನೀಲಿಯಾಗಿರುತ್ತದೆ; ಆ ಬೆಳಕು ಮೇಲಿನಿಂದ ಇಳಿದು ಮುಖಗಳನ್ನು ಮತ್ತೆ ಎತ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಹತ್ತು ಚಿತ್ರ ಸಿಕ್ಕರೆ ಹೆಚ್ಚು, ಆದ್ದರಿಂದ ಯಾವ ಫಲಕ, ಎಲ್ಲಿ ನಿಲ್ಲಬೇಕು ಎಂಬುದನ್ನು ಮಧ್ಯಾಹ್ನವೇ ಬರೆದಿಟ್ಟುಕೊಂಡಿದ್ದೆ. ಗೋಡೆಗೆ ಎದುರಾಗಿ ನಿಲ್ಲದೆ ಓರೆಯಾಗಿ ನಿಂತೆ.

ಪೂರ್ತಿ ಕತ್ತಲಾದ ಮೇಲೆ ಇಡೀ ಗುಡಿ. ಕೃಷ್ಣಚಂದ್ರದ ಶಿಖರಗಳು 12, 8, 4, ನೆತ್ತಿಯಲ್ಲಿ 1 ಎಂಬ ಅಂತಸ್ತುಗಳಲ್ಲಿ ಏರುತ್ತವೆ. ಕೆಳಗಿನ ಸಾಲು ಬೆಳಗಿ ಬೆಳ್ಳಗಾಗುವಷ್ಟರಲ್ಲಿ ನೆತ್ತಿ ಕಪ್ಪಾಗಿರುತ್ತದೆ. ಮಸೂರದ ಕಿಂಡಿ ಎಫ್/8, ಬೆಳಕಿನ ಸೂಕ್ಷ್ಮತೆ ಐಎಸ್‌ಒ 100 ಇಟ್ಟು ಒಂದು, ನಾಲ್ಕು, ಹದಿನೈದು ಸೆಕೆಂಡಿನ ಮೂರು ಚಿತ್ರ ತೆಗೆದು ಆಮೇಲೆ ಒಂದಾಗಿ ಕೂಡಿಸಿದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ನನ್ನ ಬಳಿ ಇರಲಿಲ್ಲ. ಅಕ್ಕಿ ತುಂಬಿದ ಬಟ್ಟೆ ಚೀಲವನ್ನು ಹುಲ್ಲಿನ ಮೇಲೆ ಇಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಟೈಮರ್ ಹಾಕಿದೆ. ಗುಡಿಯ ಗೋಡೆಗೆ, ಜಗುಲಿಗೆ ಏನನ್ನೂ ಆನಿಸಬಾರದು. ಆ ಮಣ್ಣು ಒಮ್ಮೆ ಚಕ್ಕೆ ಎದ್ದರೆ ಹೋದದ್ದೇ.

ಬಣ್ಣದ್ದು ಬೇರೆಯೇ ಕಷ್ಟ. ಹಳದಿ ದೀಪದಲ್ಲಿ ಇಟ್ಟಿಗೆ ಕಿತ್ತಳೆಯಾಗುತ್ತದೆ. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋಗೆ ಬಿಟ್ಟರೆ ಅದು ಕೆಂಪನ್ನೇ ದೋಷವೆಂದು ತಿಳಿದು ಹಿಂಡಿ ತೆಗೆಯುತ್ತದೆ. ಇದಕ್ಕೆ ದಾರಿ ಸಿಕ್ಕಿದ್ದು ಚಹಾ ಅಂಗಡಿಯಲ್ಲಿ. ಬಂಗಾಳದಲ್ಲಿ ಚಹಾ ಕೊಡುವ ಮಣ್ಣಿನ ಪುಟ್ಟ ಲೋಟಕ್ಕೆ ಭಾಂಡ್ ಎನ್ನುತ್ತಾರೆ. ಕುಡಿದು ತೊಳೆದು, ಅದೇ ದೀಪದ ಬೆಳಕಿನಲ್ಲಿ ಅದರದ್ದೊಂದು ಚಿತ್ರ ತೆಗೆದುಕೊಂಡೆ. ಮನೆಯಲ್ಲಿ ಹಗಲು ಹೊತ್ತು ಕಿಟಕಿಯ ಪಕ್ಕ ಲೋಟವಿಟ್ಟು, ಪರದೆಯ ಮೇಲಿನ ಲೋಟ ಅದರಂತೆ ಕಾಣುವವರೆಗೆ ಬಣ್ಣ ತಿದ್ದಿದೆ. ಅದೇ ಅಳತೆಯನ್ನು ಪ್ರತಾಪೇಶ್ವರದ ಚಿತ್ರಗಳಿಗೆ ಹಾಕಿದಾಗ ನಾನು ಮಧ್ಯಾಹ್ನ ಕಂಡಿದ್ದ ಮಣ್ಣಿನ ಕೆಂಪು ಹೆಚ್ಚುಕಡಿಮೆ ಮರಳಿ ಬಂತು.