ಪಲ್ಲವಿಯನ್ನು ನಂಬಬೇಡಿ: ನಿಮ್ಮ ಕಂಠಕ್ಕೆ ಒಪ್ಪುವ ಹಾಡು ಆರಿಸುವ ಬಗೆ

ಗಣೇಶ ಚೌತಿ ಬಂದರೆ ಹುಬ್ಬಳ್ಳಿ–ಧಾರವಾಡದ ಓಣಿ ಓಣಿಗಳಲ್ಲಿ ವೇದಿಕೆ ಏಳುತ್ತದೆ. ನಲವತ್ತು ದಾಟಿದವರು, ನಿವೃತ್ತರಾದವರು ಧೈರ್ಯ ಮಾಡಿ ಮೈಕ್ ಹಿಡಿಯುತ್ತಾರೆ. ಪಕ್ಕದಲ್ಲಿ ಪೇಟಿ (ಹಾರ್ಮೋನಿಯಂ) ಹಿಡಿದು ಕುಳಿತ ನಾನು ಒಂದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ. ಪಲ್ಲವಿ ಸೊಗಸಾಗಿ ಬರುತ್ತದೆ, ಜನ ತಲೆದೂಗುತ್ತಾರೆ. ಚರಣ ಮೇಲೇರಿದ ಕೂಡಲೇ ಕತ್ತಿನ ನರ ಉಬ್ಬುತ್ತದೆ, ಸ್ವರ ಬಿರಿಯುತ್ತದೆ. ಕೆಳಗಿಳಿದು ಬಂದವರು ‘ನನ್ನ ಧ್ವನಿಯೇ ಸರಿಯಿಲ್ಲ ರೀ’ ಎನ್ನುತ್ತಾರೆ. ಧ್ವನಿ ಸರಿಯಾಗಿಯೇ ಇರುತ್ತದೆ. ತಪ್ಪಿದ್ದು ಹಾಡಿನ ಆಯ್ಕೆ, ಅದಕ್ಕಿಂತ ಹೆಚ್ಚಾಗಿ ಶ್ರುತಿಯ, ಎಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರದ ಆಯ್ಕೆ.

ಮೊದಲು ಕಂಠವನ್ನು ಅಳೆಯಿರಿ. ಪೇಟಿ ಇಲ್ಲದಿದ್ದರೆ ಮೊಬೈಲಿನ ಪಿಯಾನೊ ಆ್ಯಪ್ ಸಾಕು. ಬೆಳಿಗ್ಗೆ ಎದ್ದ ಕೂಡಲೇ ಬೇಡ, ಆಗ ಕಂಠ ತಗ್ಗಿನಲ್ಲಿರುತ್ತದೆ. ಸಂಜೆ ಹತ್ತು ನಿಮಿಷ ಸರಿಗಮ ಹಾಡಿ, ಆಮೇಲೆ ಆಕಾರದಲ್ಲಿ (‘ಆ’ ಎನ್ನುತ್ತ) ಒಂದೊಂದೇ ಮನೆ, ಎಂದರೆ ಪೇಟಿಯ ಒಂದೊಂದೇ ಕೀಲಿ, ಕೆಳಗಿಳಿಯಿರಿ. ಸ್ವರ ಹೋಗಿ ಬರೀ ಉಸಿರು ಕೇಳಿಸುವಲ್ಲಿ ನಿಲ್ಲಿಸಿ. ಹಾಗೆಯೇ ಮೇಲೆ ಹೋಗಿ, ಗದ್ದ ತಾನಾಗಿ ಎತ್ತಿಕೊಂಡ ಕಡೆ ನಿಲ್ಲಿಸಿ. ಒಂದು ಸ್ವರವನ್ನು ಮುಟ್ಟಿ ಬರುವುದು ಬೇರೆ, ಅದರ ಮೇಲೆ ನಿಲ್ಲುವುದು ಬೇರೆ. ನಾಲ್ಕು ಎಣಿಸುವವರೆಗೆ ಮೆತ್ತಗೆ ನಿಲ್ಲಲು ಬಂದ ಸ್ವರ ಮಾತ್ರ ನಿಮ್ಮದು. ಕೆಳಗಿನ ಮತ್ತು ಮೇಲಿನ ಕೊನೆಯ ಮನೆಗಳನ್ನು ಬರೆದಿಟ್ಟುಕೊಳ್ಳಿ.

ಇನ್ನು ಹಾಡಿನ ಅಳತೆ. ಬಹುತೇಕರು ಎಡವುವುದು ಇಲ್ಲಿಯೇ. ಎಲ್ಲರೂ ಪಲ್ಲವಿ ಗುನುಗಿ, ಅದು ಹಿತವಾಗಿ ಕೂತ ಕಡೆ ಷಡ್ಜ (ಶ್ರುತಿಯ ‘ಸ’) ಹಿಡಿಯುತ್ತಾರೆ. ಪಲ್ಲವಿ ಸಾಮಾನ್ಯವಾಗಿ ಮಧ್ಯ ಸಪ್ತಕದಲ್ಲೇ (ನಡುವಿನ ಸರಿಗಮಪದನಿಯಲ್ಲೇ) ಓಡಾಡುತ್ತದೆ, ಅದು ಯಾವ ಶ್ರುತಿಗೂ ಒಗ್ಗುತ್ತದೆ. ಹಾಡಿನ ನಿಜವಾದ ಎತ್ತರ ಇರುವುದು ಚರಣದಲ್ಲಿ. ಆದ್ದರಿಂದ ಹಾಡನ್ನು ಹಿಂದಿನಿಂದ ನೋಡಿ. ಚರಣದ ಅತಿ ಎತ್ತರದ ಸ್ವರ ಯಾವುದು, ಇಡೀ ಹಾಡಿನ ಅತಿ ಕೆಳಗಿನ ಸ್ವರ ಯಾವುದು ಎಂಬುದನ್ನು ಪೇಟಿಯಲ್ಲಿ ಹುಡುಕಿ. ಎರಡರ ನಡುವಿನ ಅಂತರವನ್ನು ಕರಿ, ಬಿಳಿ ಎರಡೂ ಮನೆ ಸೇರಿಸಿ ಎಣಿಸಿ.

ಒಂದು ಉದಾಹರಣೆ ನೋಡೋಣ. ಹಾಡು ಮಂದ್ರ ಪಂಚಮದಿಂದ (ಕೆಳಗಿನ ಸಪ್ತಕದ ‘ಪ’) ತಾರ ಶುದ್ಧ ಗಾಂಧಾರದವರೆಗೆ (ಮೇಲಿನ ಸಪ್ತಕದ ‘ಗ’) ಹೋಗುತ್ತದೆ ಎನ್ನಿ. ಪಂಚಮದಿಂದ ಷಡ್ಜಕ್ಕೆ 5 ಮನೆ, ಅಲ್ಲಿಂದ ತಾರ ಷಡ್ಜಕ್ಕೆ 12, ಮತ್ತೆ ಗಾಂಧಾರಕ್ಕೆ 4, ಒಟ್ಟು 21. ನಿಮ್ಮ ಕಂಠ ಎಡಗಡೆಯ ಸಪ್ತಕದ ಬಿಳಿ ಐದರಿಂದ (ಐದನೆಯ ಬಿಳಿ ಮನೆಯಿಂದ) ಬಲಗಡೆಯ ಸಪ್ತಕದ ಬಿಳಿ ಮೂರರವರೆಗೆ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಅದೂ 21 ಮನೆ. ಈಗ ಮೇಲಿನ ತುದಿಯಿಂದ ಲೆಕ್ಕ ಹಿಡಿಯಿರಿ: ಬಿಳಿ ಮೂರು ತಾರ ಗಾಂಧಾರವಾಗಬೇಕಾದರೆ ನಾಲ್ಕು ಮನೆ ಕೆಳಗಿನ ಬಿಳಿ ಒಂದು ನಿಮ್ಮ ಷಡ್ಜ. ಪಲ್ಲವಿಯ ಹಿತ ನೋಡಿ ಕರಿ ಎರಡು ಹಿಡಿದಿದ್ದರೆ ಅದೇ ಗಾಂಧಾರ ಬಿಳಿ ಐದಕ್ಕೆ, ಎಂದರೆ ನಿಮ್ಮ ಮಿತಿಗಿಂತ ಮೂರು ಮನೆ ಮೇಲಕ್ಕೆ ಹೋಗುತ್ತಿತ್ತು. ವೇದಿಕೆಯಲ್ಲಿ ಸ್ವರ ಬಿರಿಯುವುದು ಆ ಮೂರು ಮನೆಗಳಲ್ಲಿ. ನಿಮ್ಮ ಕಂಠ 17 ಮನೆಯದಾಗಿದ್ದು ಹಾಡು 21 ಮನೆಯದಾಗಿದ್ದರೆ ಯಾವ ಶ್ರುತಿಯೂ ನಿಮ್ಮನ್ನು ಕಾಯುವುದಿಲ್ಲ. ಆ ಹಾಡನ್ನು ಪ್ರೀತಿಯಿಂದ ಕೇಳಿ, ಹಾಡುವುದಕ್ಕೆ ಬೇರೆಯದನ್ನು ಆರಿಸಿ. ಅಂತರ ಸರಿಸಮವಾಗಿ ಕೂಡಿದ ಹಾಡನ್ನೂ ನಾನು ವೇದಿಕೆಗೆ ಒಯ್ಯಲು ಬಿಡುವುದಿಲ್ಲ. ಎರಡು ಮನೆಯಾದರೂ ಉಳಿದಿರಬೇಕು. ಮೈಕ್ ಮುಂದಿನ ಅಂಜಿಕೆ ಅಷ್ಟನ್ನು ತಿಂದುಬಿಡುತ್ತದೆ.

ಗಂಡಸರು ಗಾಯಕಿಯರ ಹಾಡು ಎತ್ತಿಕೊಂಡಾಗ ಈ ಲೆಕ್ಕ ಇನ್ನೂ ಮುಖ್ಯ. ನಮ್ಮ ಹಿಂದುಸ್ತಾನಿ ರೂಢಿಯಲ್ಲಿ ಗಂಡಸರ ಷಡ್ಜ ಹೆಚ್ಚಾಗಿ ಕರಿ ಒಂದು, ಬಿಳಿ ಎರಡರ ಆಸುಪಾಸು. ಹೆಂಗಸರದು ಕರಿ ನಾಲ್ಕು, ಕರಿ ಐದರ ಆಸುಪಾಸು. ಗಾಯಕಿಯ ಶ್ರುತಿಯಲ್ಲೇ ಹಾಡಿದರೆ ಗಂಡಸು ಒಂದೋ ಕಿರುಚಬೇಕು, ಇಲ್ಲವೇ ಇಡೀ ಸಪ್ತಕ ಇಳಿಸಿ ಗೊಣಗಬೇಕು. ಷಡ್ಜವನ್ನೇ ಬದಲಿಸಿ.

ಕರೋಕೆ ಟ್ರ್ಯಾಕ್ ಹಾಕಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಟ್ರ್ಯಾಕ್ ಇರುವುದು ಮೂಲ ಗಾಯಕರ ಶ್ರುತಿಯಲ್ಲಿ, ನಿಮ್ಮದರಲ್ಲಲ್ಲ. ಆ್ಯಪ್‌ಗಳಲ್ಲಿ ಏರಿಸಿ ಇಳಿಸಬಹುದು. ಎರಡು ಮೂರು ಮನೆಯವರೆಗೆ ವಾದ್ಯಗಳು ತಾಳಿಕೊಳ್ಳುತ್ತವೆ, ಅದಕ್ಕಿಂತ ಹೆಚ್ಚಾದರೆ ಅವುಗಳ ದನಿಯೇ ಕೆಡುತ್ತದೆ. ನನ್ನನ್ನು ಕೇಳಿದರೆ ಪೇಟಿ, ತಬಲಾ ಎರಡೇ ಸಾಕು. ಸ್ಪೀಕರ್ ಒಳಗೇ ಇರುವ ಅಗ್ಗದ ಬ್ಲೂಟೂತ್ ಮೈಕ್ ಹಿಡಿದು ಅಭ್ಯಾಸ ಮಾಡಬೇಡಿ. ಅದರ ಪ್ರತಿಧ್ವನಿ ನಿಮ್ಮ ಅಪಸ್ವರವನ್ನು ನಿಮ್ಮಿಂದಲೇ ಮುಚ್ಚಿಡುತ್ತದೆ. ತಂಬೂರಿ ಆ್ಯಪ್ ಹಚ್ಚಿ ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮರುದಿನ ಕೇಳಿ.

ಉಸಿರು ನೋಡಿಕೊಳ್ಳಿ: ಅತಿ ಉದ್ದದ ಸಾಲನ್ನು ಪದ ಮುರಿಯದೆ ಒಂದೇ ಉಸಿರಿನಲ್ಲಿ ಹಾಡಲು ಬರಬೇಕು.

ತಡವಾಗಿ ಹಾಡಲು ಹೊರಟವರಿಗೆ ನಾನು ಮೊದಲು ಕೊಡುವುದು ವಚನ, ತತ್ವಪದ. ಅವುಗಳನ್ನು ಸಣ್ಣ ಅಂತರದಲ್ಲಿ ಕೂರಿಸಬಹುದು; ಮಾತಿನ ತೂಕವೇ ಹಾಡನ್ನು ನಡೆಸುತ್ತದೆ. ರಂಗಗೀತೆಯನ್ನು ಮಾತ್ರ ಹುಷಾರಾಗಿ ಆರಿಸಿ. ಕಂಪನಿ ನಾಟಕಗಳಲ್ಲಿ ಮೈಕ್ ಇಲ್ಲದ ಕಾಲಕ್ಕೆ ಕೊನೆಯ ಸಾಲಿನವರಿಗೂ ಕೇಳಲೆಂದು ಎತ್ತರದ ಶ್ರುತಿ ಹಿಡಿಯುತ್ತಿದ್ದರು. ಇಂದು ಮೈಕ್ ಇದೆ, ಆ ಶ್ರುತಿಯ ಹಟ ಬೇಡ.

ವಯಸ್ಸಾದಂತೆ ಕಂಠ ಬದಲಾಗುತ್ತದೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಅನೇಕರಿಗೆ ಕೆಳಗಿಳಿಯುತ್ತದೆ. ಇಪ್ಪತ್ತೈದರಲ್ಲಿ ಹಾಡಿದ ಶ್ರುತಿಗೆ ಐವತ್ತೈದರಲ್ಲಿ ಜೋತುಬೀಳಬೇಡಿ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಆರಂಭದ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಧ್ವನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅದು ಗಂಡುದನಿಯಷ್ಟು ಗಡುಸಾಯಿತು. ಅವರು ಹಳೆಯ ಧ್ವನಿಯ ಬೆನ್ನು ಹತ್ತದೆ ಹೊಸದಕ್ಕೆ ತಕ್ಕಂತೆ ಶ್ರುತಿ ಇಳಿಸಿ ಹಾಡಿದರು. ನಾಡು ಪ್ರೀತಿಸಿದ್ದು ಆ ಗಡುಸು ಧ್ವನಿಯನ್ನೇ.

ಹಾಡುವ ದಿನ ಗಿರ್ಮಿಟ್, ಮಿರ್ಚಿ ಕಾರ್ಯಕ್ರಮ ಮುಗಿದ ಮೇಲಿರಲಿ. ಗಂಟಲು ಮರಗಟ್ಟಿಸುವ ಪೆಪ್ಪರ್‌ಮಿಂಟ್ ಮಾತ್ರೆ ಚೀಪಬೇಡಿ. ನೋವು ತಿಳಿಯದೆ ಹೆಚ್ಚು ಒತ್ತುತ್ತೀರಿ. ಬೆಚ್ಚಗಿನ ನೀರು ಸಾಕು. ಗಂಟಲು ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಹಾಡು ನಿಲ್ಲಿಸಿ, ಕಿವಿ–ಮೂಗು–ಗಂಟಲು ವೈದ್ಯರ ಬಳಿ ಹೋಗಿ.

ನೋಟ್‌ಬುಕ್ಕಿನಲ್ಲಿ ಪ್ರತಿ ಹಾಡಿನ ನೆತ್ತಿಯ ಮೇಲೆ ಶ್ರುತಿ ಬರೆದಿಡಿ. ವೇದಿಕೆಯಲ್ಲಿ ಪೇಟಿಯವರು ‘ಯಾವ ಶ್ರುತಿ?’ ಎಂದು ಕೇಳಿದಾಗ ‘ನೀವೇ ಹಿಡಿಯಿರಿ’ ಎನ್ನಬೇಡಿ. ‘ಬಿಳಿ ಒಂದು’ ಎಂದು ಹೇಳಿ, ಅವರು ಷಡ್ಜ ಕೊಟ್ಟ ಮೇಲೆ ಚರಣದ ಮೇಲಿನ ಸ್ವರವನ್ನು ಒಮ್ಮೆ ಮನಸ್ಸಿನಲ್ಲೇ ಮುಟ್ಟಿ ನೋಡಿ, ಆಮೇಲೆ ಪಲ್ಲವಿ ಎತ್ತಿಕೊಳ್ಳಿ.