ಡರ್ಟಿ ಕೌ: ನಿಮ್ಮ ಕರ್ನಲ್‌ಗೆ ಪ್ಯಾಚ್ ಬಿದ್ದಿದೆಯಾ? ಹೀಗೆ ನೋಡಿ

ಹಳೇ ಲಿನಕ್ಸ್ ಸರ್ವರ್ ಒಂದು ಮೂಲೆಯಲ್ಲಿ ಇನ್ನೂ ಓಡುತ್ತಿದೆಯಾ? ಹಾಗಾದರೆ ಸಿವಿಇ-2016-5195 ಅನ್ನೋ ನಂಬರ್ ನೆನಪಿಟ್ಟುಕೊಳ್ಳಿ. ಸಿವಿಇ ಅಂದರೆ ಭದ್ರತಾ ದೋಷಗಳಿಗೆ ಕೊಡುವ ಗುರುತಿನ ನಂಬರ್. ಜನ ಕರೆಯುವ ಹೆಸರು 'ಡರ್ಟಿ ಕೌ'. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ 2007ರ 2.6.22 ಆವೃತ್ತಿಯಿಂದಲೂ ಇದ್ದ ಈ ತೂತು ಮುಚ್ಚಿದ್ದು 2016ರ ಅಕ್ಟೋಬರ್‌ನಲ್ಲಿ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಓದಲು ಮಾತ್ರ ಅನುಮತಿ ಇರುವ ಫೈಲನ್ನೂ ಒಂದು ಪ್ರೋಗ್ರಾಂ ತನ್ನ ಮೆಮೊರಿಗೆ ಮ್ಯಾಪ್ ಮಾಡಿಕೊಳ್ಳಬಹುದು. ಅದರಲ್ಲಿ ಬರೆಯಲು ಹೋದರೆ ಕರ್ನಲ್ ಆ ಪೇಜಿನ (ಮೆಮೊರಿಯ ಒಂದು ತುಂಡು) ಜೆರಾಕ್ಸ್ ತೆಗೆದು ಕೊಡುತ್ತದೆ. ಗೀಚುವುದೆಲ್ಲ ಜೆರಾಕ್ಸ್ ಮೇಲೆ, ಅಸಲು ಹಾಗೇ ಇರುತ್ತದೆ. ಇದೇ ಕಾಪಿ-ಆನ್-ರೈಟ್, ಚಿಕ್ಕದಾಗಿ 'ಕೌ'.

ದಾಳಿಕೋರ ಎರಡು ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ನಡೆಯುವ ಕೆಲಸಗಳು) ಓಡಿಸುತ್ತಾನೆ. ಒಂದು, ಪ್ರೋಗ್ರಾಂನ ಸ್ವಂತ ಮೆಮೊರಿಯನ್ನು ಫೈಲಿನಂತೆ ತೋರಿಸುವ /ಪ್ರಾಕ್/ಸೆಲ್ಫ್/ಮೆಮ್ ಮೂಲಕ ಬರೆಯುತ್ತಲೇ ಇರುತ್ತದೆ. ಇನ್ನೊಂದು ಎಂಅಡ್ವೈಸ್ ಎಂಬ ಕರ್ನಲ್ ಸೇವೆಯನ್ನು ಕರೆದು, ಈ ಪೇಜ್ ಬೇಡ, ಬಿಸಾಕು ಅಂತ ಪೀಡಿಸುತ್ತಲೇ ಇರುತ್ತದೆ. ಪ್ರತಿ ತೆಗೆದಾಯಿತಲ್ಲ ಅಂತ ಕರ್ನಲ್ 'ಇದು ಬರೆಯೋದಕ್ಕೆ' ಎಂಬ ಗುರುತನ್ನು ಅಳಿಸಿಬಿಡುತ್ತದೆ. ಸರಿಯಾಗಿ ಆಗಲೇ ಆ ಪ್ರತಿ ಮಾಯವಾದರೆ? ಮತ್ತೆ ಹುಡುಕಿದಾಗ ಸಿಗುವುದು ಅಸಲು ಪೇಜು. ಬರಹ ಅದರ ಮೇಲೇ ಬೀಳುತ್ತದೆ. ಹೀಗೆ ಪಾಸ್‌ವರ್ಡ್ ಫೈಲನ್ನೇ ತಿದ್ದಿ ಸಾಮಾನ್ಯ ಬಳಕೆದಾರ ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಆಗಿಬಿಡಬಹುದು.

ಪ್ಯಾಚ್ ಮಾತ್ರ ಪುಟ್ಟದು. ಗುರುತು ಅಳಿಸುವ ಬದಲು, ಪ್ರತಿ ತೆಗೆದಿದ್ದೇನೆ ಅಂತ ಇನ್ನೊಂದು ಗುರುತು ಹಾಕುತ್ತದೆ, ಆ ಪ್ರತಿ ಇನ್ನೂ ಇದೆಯಾ ಅಂತ ನೋಡುತ್ತದೆ. ತಮಾಷೆಯೆಂದರೆ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಇದನ್ನು 2005ರಲ್ಲೇ ಸರಿಮಾಡಲು ಹೋಗಿದ್ದರು. ಐಬಿಎಂನ ಎಸ್390 ಯಂತ್ರಗಳಲ್ಲಿ ತೊಂದರೆಯಾಗಿ ಆ ತಿದ್ದುಪಡಿಯನ್ನು ವಾಪಸ್ ತೆಗೆಯಬೇಕಾಯಿತು.

ಈಗ ನಿಮ್ಮ ಕೆಲಸ. ಟರ್ಮಿನಲ್‌ನಲ್ಲಿ 'ಯುನೇಮ್ -ಆರ್' ಕೊಡಿ (ಇಂಗ್ಲಿಷ್ ಅಕ್ಷರದಲ್ಲೇ: uname -r). ಈಗ ಓಡುತ್ತಿರುವ ಕರ್ನಲ್‌ನ ನಂಬರ್ ಕಾಣುತ್ತದೆ. 4.4.26, 4.7.9, 4.8.3 ಅಥವಾ ಆಯಾ ಸಾಲಿನಲ್ಲಿ ಆಮೇಲೆ ಬಂದದ್ದಾದರೆ ಚಿಂತೆಯಿಲ್ಲ. ಅದಕ್ಕಿಂತ ಹಳೇ ನಂಬರ್ ಕಂಡರೆ ಸುಮ್ನೆ ಗಾಬರಿಯಾಗಬೇಡಿ. ಡೆಬಿಯನ್, ಉಬುಂಟು, ರೆಡ್ ಹ್ಯಾಟ್‌ನವರು ಹಳೇ ಕರ್ನಲ್‌ಗೇ ಪ್ಯಾಚ್ ಹಚ್ಚಿ ಕೊಡುತ್ತಾರೆ. ಕರ್ನಲ್ ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆರೆದು '5195' ಹುಡುಕಿ.

ಸಿಗಲಿಲ್ಲವಾ? ಅಪ್‌ಡೇಟ್ ಮಾಡಿ, ಆಮೇಲೆ ರೀಬೂಟ್ ಮಾಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಡಿಸ್ಕ್‌ಗೆ ಹೊಸ ಕರ್ನಲ್ ಬಂದಿರುತ್ತದೆ, ಮೆಮೊರಿಯಲ್ಲಿ ಹಳೆಯದೇ ಓಡುತ್ತಿರುತ್ತದೆ. ಯುನೇಮ್ ಇನ್ನೊಮ್ಮೆ ಕೊಟ್ಟು ನೋಡಿ.

ಆಂಡ್ರಾಯ್ಡ್ ಫೋನಿನ ಕರ್ನಲ್ಲೂ ಲಿನಕ್ಸೇ ಅಲ್ವಾ? 2017ರಲ್ಲಿ ಝಡ್‌ಎನ್‌ಐಯು ಎಂಬ ಮಾಲ್‌ವೇರ್ ಇದೇ ತೂತು ಬಳಸಿ ಫೋನುಗಳಲ್ಲಿ ರೂಟ್ ಅಧಿಕಾರ ಪಡೆಯಿತು. ಜಾಸ್ತಿ ಪೆಟ್ಟು ತಿಂದದ್ದು ಚೀನಾ ಮತ್ತು ಭಾರತದ ಬಳಕೆದಾರರು. ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್'ನಲ್ಲಿ ಸೆಕ್ಯುರಿಟಿ ಪ್ಯಾಚ್ ತಾರೀಖು ನೋಡಿ. 2016ರ ಡಿಸೆಂಬರ್ 5 ಅಥವಾ ಆಮೇಲಿನದಾಗಿರಬೇಕು. ಅಪ್‌ಡೇಟೇ ಬರದ ಹಳೇ ಫೋನಾದರೆ ಎಲ್ಲೆಲ್ಲಿಂದಲೋ ಎಪಿಕೆ (ಆ್ಯಪ್ ಫೈಲ್) ತಂದು ಹಾಕಬೇಡಿ. ಝಡ್‌ಎನ್‌ಐಯು ಬಂದದ್ದು ಅದೇ ದಾರಿಯಲ್ಲಿ.