ಹಳೆಯ ಕೆಟಲ್ ಗ್ರಿಲ್, ಹೊಸ ಕೆಟಲ್ ಗ್ರಿಲ್: ಹೋಲಿಸಿ ನೋಡುವ ಸರಿಯಾದ ಕ್ರಮ

ಕೆಟಲ್ ಗ್ರಿಲ್ ಅಂದರೆ ಮುಚ್ಚಳ ಹಾಕಿ ಇದ್ದಿಲಿನ ಕಾವಿನಲ್ಲಿ ಬೇಯಿಸುವ ದುಂಡು ಒಲೆ. ಹಳೆಯ ಗ್ರಿಲ್‌ನಲ್ಲಿ ಕೋಳಿ ಬೆಂದ ಹಾಗೆ ಹೊಸದರಲ್ಲಿ ಬೇಯುವುದಿಲ್ಲ ಅನ್ನುವವರಿದ್ದಾರೆ. ಹಳೆಯದು ಇದ್ದಿಲು ಬಕಬಕ ತಿನ್ನುತ್ತದೆ ಅನ್ನುವವರೂ ಇದ್ದಾರೆ. ಎರಡು ಮಾತಿಗೂ ಬಹುತೇಕ ಕಾರಣ ಗಾಳಿ. ಈ ಗ್ರಿಲ್ ರೂಪಿಸಿದ ಜಾರ್ಜ್ ಸ್ಟೀಫನ್ 1952ರಲ್ಲಿ ಷಿಕಾಗೊ ಬಳಿ ಮಾಡಿದ ದುಂಡು ಬೋಗುಣಿ, ದುಂಡು ಮುಚ್ಚಳದ ಆಕಾರ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಬದಲಾದದ್ದು ಅಡಿಯ ಗಾಳಿಕಿಂಡಿ. ಹಳೆಯ ಮಾದರಿಯಲ್ಲಿ ಮೂರು ಕಿಂಡಿಗೆ ಮೂರು ಬಿಡಿ ತಗಡು. ಹೊಸದರಲ್ಲಿ ಒಂದೇ ಹಿಡಿಕೆಗೆ ಮೂರು ರೆಕ್ಕೆ, ತಿರುಗಿಸಿದರೆ ಬೂದಿಯೂ ಕೆಳಗೆ ಉದುರುತ್ತದೆ. ಆದ್ದರಿಂದ ಮೊದಲು ಎರಡಕ್ಕೂ ಒಂದೇ ಅಳತೆಯ ಗಾಳಿ ಕೊಡಿ, ಆಮೇಲೆ ಅಡುಗೆ ಹೋಲಿಸಿ.

ಬೂದಿ ಪೂರ್ತಿ ತೆಗೆಯಿರಿ. ಮುಚ್ಚಳದ ಒಳಗೆ ಬಣ್ಣದಂತೆ ಸಿಪ್ಪೆ ಏಳುತ್ತಿದ್ದರೆ ಅದು ಸುಟ್ಟ ಜಿಡ್ಡು, ಕೆರೆದುಬಿಡಿ. ನಂತರ ಸೋರಿಕೆ ನೋಡಬೇಕು. ಬೆಂಕಿ ಇಲ್ಲದ ಗ್ರಿಲ್ ಒಳಗೆ ಎಂಟ್ಹತ್ತು ಊದಿನಕಡ್ಡಿ ಹಚ್ಚಿಟ್ಟು ಎಲ್ಲ ಕಿಂಡಿ ಮುಚ್ಚಿ. ಹೊಗೆ ಎಲ್ಲಿ ಹೊರಬರುತ್ತದೋ ಅಲ್ಲಿ ಗುರುತು ಹಾಕಿ. ಅಂಚಿನಲ್ಲಿ ಬಂದರೆ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಸಂದು ಮುಚ್ಚಳದ ಜೊತೆ ಸರಿದರೆ ಮುಚ್ಚಳ ಸೊಟ್ಟಗಾಗಿದೆ. ಇದ್ದಲ್ಲೇ ಇದ್ದರೆ ಬೋಗುಣಿ ಸೊಟ್ಟಗಾಗಿದೆ. ಕೈಯಿಂದ ಒತ್ತಿ ಸರಿಪಡಿಸಿ. ಸುತ್ತಿಗೆ ಹಿಡಿಯಬೇಡಿ, ಮೇಲಿನ ಪಿಂಗಾಣಿ ಲೇಪ ಚಕ್ಕೆ ಎದ್ದರೆ ಅಲ್ಲಿಂದಲೇ ತುಕ್ಕು ಶುರು.

ಕಿಂಡಿ ಎಷ್ಟು ತೆರೆದಿದೆ ಎಂಬುದನ್ನು ಹಿಡಿಕೆಯ ಗುರುತಿನಿಂದ ತಿಳಿಯಬೇಡಿ, ಬೋಗುಣಿಯೊಳಗೆ ಇಣುಕಿ ನೋಡಿ. ಎರಡರಲ್ಲೂ ಪ್ರತಿ ಸಂದಿನಲ್ಲಿ ಪೆನ್ಸಿಲ್ ತೂರುವಷ್ಟು ಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಇದ್ದಿಲು ಒಂದೇ ಚೀಲದ್ದಾಗಿರಲಿ. ನಮ್ಮ ಕಡೆ ಸಿಗುವ ಜಾಲಿ ಇದ್ದಿಲಿನಲ್ಲಿ ಪುಡಿ ಬಹಳ. ಜರಡಿ ಹಿಡಿದು 4ರಿಂದ 6 ಸೆಂ.ಮೀ. ತುಂಡು ಆರಿಸಿ. 57 ಸೆಂ.ಮೀ. ಅಗಲದ ಗ್ರಿಲ್‌ಗೆ ತಲಾ ಒಂದೂವರೆ ಕೆಜಿ ತೂಗಿ. ಮಳೆಗಾಲದಲ್ಲಿ ಇದ್ದಿಲು ತೇವ ಹೀರುವುದರಿಂದ ಒಂದು ದಿನ ಬಿಸಿಲಿಗೆ ಹರವಬೇಕು. ಇಲ್ಲದಿದ್ದರೆ ಹೊಗೆಯೇ ಹೆಚ್ಚು, ಕಾವು ಏಳುವುದಿಲ್ಲ. ಆಷಾಢದ ಗಾಳಿಯಲ್ಲಂತೂ ಈ ಪರೀಕ್ಷೆಯೇ ಬೇಡ. ಗದಗ, ಧಾರವಾಡದ ಬಯಲಲ್ಲಿ ಬೀಸುವ ಗಾಳಿ ಕಿಂಡಿಯ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಬೇರೆ ತಿಂಗಳಲ್ಲೂ ಎರಡನ್ನು ಗಾಳಿಗೆ ಅಡ್ಡಲಾಗಿ ಅಕ್ಕಪಕ್ಕ ಇಡಿ, ಇನ್ನೊಮ್ಮೆ ಜಾಗ ಅದಲುಬದಲು ಮಾಡಿ ಹಚ್ಚಿ. ಮನೆಯೊಳಗೆ, ಮುಚ್ಚಿದ ಪಡಸಾಲೆಯಲ್ಲಿ ಎಂದೂ ಹಚ್ಚಬೇಡಿ. ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ.

ಹೊಸ ಗ್ರಿಲ್‌ನ ಮುಚ್ಚಳದಲ್ಲಿರುವ ಥರ್ಮಾಮೀಟರ್ ಹೋಲಿಕೆಗೆ ಬಾರದು. ಅದು ಮುಚ್ಚಳದ ಕೆಳಗಿನ ಕಾವು ತೋರಿಸುತ್ತದೆ, ಅಡುಗೆ ಇಡುವ ಜಾಲರಿಯದ್ದಲ್ಲ. ಕೆಂಡದ ಬದಿಗೆ ತಿರುಗಿದ್ದರೆ ಇನ್ನೂ ಹೆಚ್ಚು ತೋರಿಸುತ್ತದೆ. ತಂತಿ ಇರುವ ಎರಡು ಥರ್ಮಾಮೀಟರ್ ತಂದು ಜಾಲರಿಯ ಮೇಲೆ ಒಂದೇ ಜಾಗದಲ್ಲಿ ಸಿಕ್ಕಿಸಿ. ಮೊದಲು ಕುದಿಯುವ ನೀರಿನಲ್ಲಿ ಪರೀಕ್ಷಿಸಿ. ಸುಮಾರು 700 ಮೀಟರ್ ಎತ್ತರದ ಹುಬ್ಬಳ್ಳಿ-ಧಾರವಾಡದಲ್ಲಿ ನೀರು 98 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುತ್ತದೆ, 100 ಬರಲೆಂದು ಕಾಯಬೇಡಿ.

ಈಗ ಹಚ್ಚಿ. ಎಲ್ಲ ಕೆಂಡದ ಮೇಲೆ ಬೂದಿ ಕೂತ ಮೇಲೆ ಹರವಿ, ಜಾಲರಿ ತುಂಬ ಬ್ರೆಡ್ ಹೋಳು ಜೋಡಿಸಿ, ಒಂದೆರಡು ನಿಮಿಷ ಮುಚ್ಚಿ ತೆಗೆಯಿರಿ. ಯಾವುದು ಕರಿದಾಯಿತು, ಯಾವುದು ಬಿಳಿಚಿಕೊಂಡಿತು ಎಂಬುದರಲ್ಲೇ ಕಾವಿನ ನಕ್ಷೆ ಸಿಗುತ್ತದೆ. ಬಳಿಕ ಕೆಂಡವನ್ನೆಲ್ಲ ಒಂದು ಬದಿಗೆ ಸರಿಸಿ, ಎದುರು ಬದಿಗೆ ಸಮ ತೂಕದ ಕೋಳಿ ಕಾಲು ಇಡಿ. ಮೇಲಿನ ಕಿಂಡಿ ಕೋಳಿಯ ನೆತ್ತಿಗೆ ಬರಬೇಕು, ಆಗ ಬಿಸಿಗಾಳಿ ಅದನ್ನು ಹಾಯ್ದು ಹೋಗುತ್ತದೆ. ಜಾಲರಿಯ ಕಾವು 180–200 ಡಿಗ್ರಿ ಇದ್ದರೆ ಮುಕ್ಕಾಲು ಗಂಟೆಯ ಸುಮಾರಿಗೆ ಬೇಯುತ್ತದೆ. ಎಲುಬಿಗೆ ತಾಗದಂತೆ ಚುಚ್ಚಿ ನೋಡಿ: 74 ಡಿಗ್ರಿ ಸುರಕ್ಷಿತ, ಕಾಲಿನ ಮಾಂಸಕ್ಕೆ 80 ದಾಟಿದರೆ ಮೆತ್ತಗಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎರಡರ ಕಾವನ್ನೂ ಬರೆದಿಡಿ, ಮುಚ್ಚಳವನ್ನು ಪದೇಪದೇ ಎತ್ತಬೇಡಿ. ಕೋಳಿ ತಿನ್ನದವರು ಭರ್ತ ಮಾಡುವ ದೊಡ್ಡ ಬದನೆಕಾಯಿಯನ್ನು ನೇರ ಕೆಂಡದ ಮೇಲಿಟ್ಟು, ತೊಟ್ಟಿನ ಬುಡ ಮೆತ್ತಗಾಗಲು ಹಿಡಿದ ಹೊತ್ತು ನೋಡಬಹುದು.

ನಮ್ಮ ಪ್ರಕಾರ ಎಲ್ಲಕ್ಕಿಂತ ನಂಬಬೇಕಾದದ್ದು ಕೊನೆಯ ಪರೀಕ್ಷೆ. ಅಡುಗೆ ಮುಗಿದ ತಕ್ಷಣ ಮೇಲಿನ, ಕೆಳಗಿನ ಕಿಂಡಿ ಎಲ್ಲ ಮುಚ್ಚಿ, ಮರುದಿನ ಬೆಳಿಗ್ಗೆ ಉಳಿದ ಇದ್ದಿಲನ್ನು ತೂಗಿ. ಬಿಗಿಯಾದ ಗ್ರಿಲ್‌ನಲ್ಲಿ ಕೆಂಡ ಬೇಗ ಆರಿ ಇದ್ದಿಲು ಉಳಿದಿರುತ್ತದೆ, ಸೋರುವುದರಲ್ಲಿ ಬರೀ ಬೂದಿ. ಹಳೆಯದರಲ್ಲಿ ಹೆಚ್ಚು ಉಳಿದರೆ ಅದನ್ನು ಮಾರಬೇಡಿ.

ಹಳೆಯದರ ಜಾಲರಿ ಸವೆದಿದ್ದರೆ ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆಯ ಫ್ಯಾಬ್ರಿಕೇಶನ್ ಕಡೆ ಮಾಡಿಸಬಹುದು. 304 ದರ್ಜೆಯ 6 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಸರಳು ಎಂದು ಒತ್ತಿ ಹೇಳಿ. ಅಗ್ಗವೆಂದು ಜಿಐ (ಸತು ಲೇಪಿಸಿದ ಕಬ್ಬಿಣ) ಜಾಳಿಗೆ ಹಾಕಿಸಬೇಡಿ. ಅತಿಯಾಗಿ ಕಾದರೆ ಅದರ ಸತುವಿನ ಹೊಗೆ ವಿಷ.